ನಡೆದು ಬಂದವಳ ಕೇಸು

ಮೂರನೆಯ ವರ್ಷದ ಮೊದಲ ವಾರ ನಮ್ಮ ಟ್ಯೂಟರ್ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ಪಾಸಾದ ಮೇಲೆ ಯಾವ ಕೆಲಸಕ್ಕೆ ಹೋಗುತ್ತೀರಿ ಎಂದು ಕೇಳಿದರು. ನಾವು ಹದಿನಾಲ್ಕು ಹುಡುಗಿಯರಿದ್ದೆವು. ಮೂವರು ಹೆರಿಗೆ ವಾರ್ಡು ಎಂದರು, ಒಬ್ಬಳು ಆಪರೇಶನ್ ಥಿಯೇಟರು ಎಂದಳು, ಮಕ್ಕಳ ವಾರ್ಡು ಎಂದವರು ನಾಲ್ಕು ಜನ, ಬೊಂಬಾಯಿ ಎಂದವರು ಐದು ಜನ. ಬೊಂಬಾಯಿ ಎನ್ನುವುದು ಒಂದು ಕೆಲಸವಲ್ಲ ಎಂದು ಟ್ಯೂಟರ್ ನೆನಪಿಸಬೇಕಾಯಿತು. ಕೊನೆಗೆ ನನ್ನ ಸರದಿ. ನಾನು ಮುದುಕರನ್ನು ನೋಡಿಕೊಳ್ಳುವ ಕೆಲಸ ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಟ್ಯೂಟರ್ ನಗಲಿಲ್ಲ. ಅದಕ್ಕೆ ಮೂರು ವರ್ಷ ಯಾಕೆ ಓದಬೇಕು, ಅದನ್ನು ಪ್ರತಿ ಮನೆಯಲ್ಲಿ ಸೊಸೆಯಂದಿರು ಓದದೆಯೇ ಮಾಡುತ್ತಾರೆ ಎಂದು ಹೇಳಿ ನನ್ನನ್ನು ಕೂರಿಸಿದರು.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಮಂಗಳೂರಿನಲ್ಲಿ ನಮ್ಮಂಥ ಕೊಂಕಣಿ ಮನೆಯ ಹುಡುಗಿಯರಿಗೆ ಇದ್ದದ್ದು ಎರಡೇ ದಾರಿ, ಟೀಚರು ಅಥವಾ ನರ್ಸು. ಮೂರನೆಯದು ಮದುವೆ, ಅದು ಹೇಗೂ ತಪ್ಪುವುದಿಲ್ಲ. ನನ್ನ ಅಕ್ಕ ಟೀಚರಾಗಿದ್ದಳು, ಹಾಗಾಗಿ ನಾನು ನರ್ಸು. ಇದರಲ್ಲಿ ದೊಡ್ಡ ಆದರ್ಶವೇನೂ ಇರಲಿಲ್ಲ. ಮುದುಕರ ಕಡೆಗೆ ಮನಸ್ಸು ಹೋದದ್ದು ವಾರ್ಡಿಗೆ ಬಂದ ಮೇಲೆಯೇ. ಮಕ್ಕಳು ಅಳುತ್ತವೆ, ಬಾಣಂತಿಯರು ಕೊರಗುತ್ತಾರೆ, ಮುದುಕರು ಜಗಳವಾಡುತ್ತಾರೆ. ನನಗೆ ಜಗಳವೇ ಇಷ್ಟ. ಗಂಜಿಗೆ ಉಪ್ಪು ಕಡಿಮೆ ಎಂದು ತಟ್ಟೆ ದೂಡುವ ಎಪ್ಪತ್ತರ ಅಜ್ಜಿಯಲ್ಲಿ ಇನ್ನೂ ಒಬ್ಬ ವ್ಯಕ್ತಿ ಇದ್ದಾಳೆ ಎಂದು ನನಗೆ ತೋರುತ್ತಿತ್ತು. ಉಳಿದವರಿಗೆ ಅದು ಬರೇ ಕಾಟ.

ಆದರೆ ಓದುವುದೇನನ್ನು? ನಮ್ಮ ಪಠ್ಯಪುಸ್ತಕ ತಲೆದಿಂಬಿನಷ್ಟು ದಪ್ಪಗಿತ್ತು. ಹುಟ್ಟುವ ಮಗುವಿಗೆ ಅದರಲ್ಲಿ ಹದಿನೈದು ಅಧ್ಯಾಯ. ವಯಸ್ಸಾದವರಿಗೆ ಒಂದೂವರೆ ಪುಟ, ಅದೂ ಕಟ್ಟಕಡೆಯಲ್ಲಿ, ಹೆಣವನ್ನು ತೊಳೆದು ಸಿದ್ಧಪಡಿಸುವ ಅಧ್ಯಾಯಕ್ಕೆ ಸರಿಯಾಗಿ ಮುಂಚೆ. ಆ ಒಂದೂವರೆ ಪುಟದಲ್ಲಿ ಇದ್ದದ್ದಿಷ್ಟು: ಬೆಚ್ಚಗೆ ಇಡಿ, ಸ್ವಚ್ಛವಾಗಿ ಇಡಿ, ಬೀಳದಂತೆ ನೋಡಿಕೊಳ್ಳಿ, ಗಟ್ಟಿಯಾಗಿ ಮಾತಾಡಿ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಇನ್ನೂ ಹೆಚ್ಚು ಎಲ್ಲಿ ಸಿಗುತ್ತದೆ ಎಂದು ಲೈಬ್ರರಿಯ ಬೀಗದ ಕೈ ಇಟ್ಟುಕೊಂಡಿದ್ದ ಸ್ಟಾಫ್ ನರ್ಸಿನಲ್ಲಿ ಕೇಳಿದರೆ, ಇದ್ದದ್ದನ್ನೇ ಯಾರೂ ಓದುವುದಿಲ್ಲ, ನಿನಗೆ ಇನ್ನಷ್ಟು ಬೇಕಾ ಎಂದರು. ಈಗ ಆ ವಿದ್ಯೆಗೆ ಇಷ್ಟುದ್ದದ ಹೆಸರುಂಟು, ಯೂನಿವರ್ಸಿಟಿಯಲ್ಲಿ ಡಿಗ್ರಿ ಉಂಟು. ನಮಗೆ ಆಗ ಹೆಸರೂ ಇರಲಿಲ್ಲ, ಪುಟವೂ ಇರಲಿಲ್ಲ.

ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬಳೂ ಒಂದು ಕೇಸ್ ಬುಕ್ಕು ಬರೆದು ಸಹಿ ಮಾಡಿಸಬೇಕಿತ್ತು. ಹತ್ತು ರೋಗಿಗಳು, ಹತ್ತು ವರದಿ. ಹತ್ತನೆಯದು ಎಲ್ಲಕ್ಕಿಂತ ದೊಡ್ಡದು, ಪೂರ್ಣ ಶುಶ್ರೂಷೆಯ ಕೇಸು. ಎಂದರೆ ಹಾಸಿಗೆ ಬಿಟ್ಟೇಳದ ಒಬ್ಬ ರೋಗಿಯನ್ನು ಮೂವತ್ತು ದಿನ ಒಬ್ಬಳೇ ವಿದ್ಯಾರ್ಥಿನಿ ನೋಡಿಕೊಳ್ಳಬೇಕು. ಮೈ ಒರೆಸುವುದು, ತಲೆ ಬಾಚುವುದು, ಉಣಿಸುವುದು, ಬೆಡ್ ಪ್ಯಾನ್ ಇಡುವುದು, ಬೆನ್ನಿಗೆ ಸ್ಪಿರಿಟ್ ಹಚ್ಚಿ ಪೌಡರ್ ಹಾಕುವುದು, ಎಲ್ಲ. ರೋಗಿ ತನ್ನ ಕೈಯಿಂದ ನೀರಿನ ಲೋಟ ಎತ್ತಿದರೆ ಅದು ನರ್ಸಿನ ಸೋಲು ಎಂದು ಟ್ಯೂಟರ್ ಹೇಳಿಕೊಟ್ಟಿದ್ದರು. ನಾವು ಅದನ್ನು ವೇದವಾಕ್ಯದಂತೆ ನಂಬಿದ್ದೆವು. ಮೂವತ್ತು ದಿನಕ್ಕೆ ಒಂದು ದಿನ ಕಡಿಮೆಯಾದರೂ ಕೇಸು ಲೆಕ್ಕಕ್ಕಿಲ್ಲ, ಹೊಸ ರೋಗಿಯನ್ನು ಹುಡುಕಿ ಮೊದಲಿನಿಂದ ಶುರು ಮಾಡಬೇಕು.

ನನ್ನ ಹತ್ತನೆಯ ಕೇಸು ಒಬ್ಬ ಅಜ್ಜಿ. ಎಪ್ಪತ್ತೆರಡು ವಯಸ್ಸು, ನ್ಯುಮೋನಿಯಾ. ಹಿಂದೆ ಗದ್ದೆ ಬೇಸಾಯ ಇದ್ದ ತುಳು ಮನೆತನ. ಮಗ ಬಿಜೈಯಲ್ಲಿ ಊಟದ ಹೋಟೆಲು ಇಟ್ಟಿದ್ದ, ಮನೆ ಹೋಟೆಲಿನ ಬೆನ್ನಿಗೇ ಇತ್ತು. ನಮ್ಮ ಮನೆಯೂ ಬಿಜೈಯಲ್ಲೇ ಆದದ್ದರಿಂದ ಆ ಹೋಟೆಲಿನ ಮಸಾಲೆಯ ಪರಿಮಳ ನನಗೆ ಮೊದಲೇ ಪರಿಚಿತ. ಹೋಟೆಲಿನ ಒಟ್ಟು ಮಸಾಲೆ ಹುರಿಯುತ್ತಿದ್ದದ್ದು ಈ ಅಜ್ಜಿಯೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಕೊತ್ತಂಬರಿ, ಮೆಣಸು, ಮೆಂತೆ, ಯಾವುದು ಎಷ್ಟು ಕೆಂಪಾಗಬೇಕು ಎಂದು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲವಂತೆ. ದಿನಾ ಬೆಳಿಗ್ಗೆ ಮನೆಯಿಂದ ಹೋಟೆಲಿನ ಅಡುಗೆಮನೆಗೆ ನಡೆದು ಹೋಗಿ, ಎರಡು ಗಂಟೆ ಒಲೆಯ ಮುಂದೆ ನಿಂತು ಹುರಿದು, ನಡೆದು ವಾಪಸು. ಆಸ್ಪತ್ರೆಗೆ ಬಂದ ದಿನವೂ ಅಷ್ಟೇ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಸ್ಟ್ರೆಚರ್ ಬೇಡವೆಂದು ಮಗನ ಕೈ ಹಿಡಿದು ಗೇಟಿನಿಂದ ವಾರ್ಡಿಗೆ ನಡೆದೇ ಬಂದರು. ನಾನೇ ಕಣ್ಣಾರೆ ನೋಡಿದ್ದೇನೆ. ಅಡ್ಮಿಶನ್ ಹಾಳೆಯಲ್ಲಿ ‘ನಡೆದು ಬಂದರು’ ಎಂದು ಬರೆದವಳೂ ನಾನೇ.

ಡಾಕ್ಟರರು ಚಾರ್ಟಿನ ಮೇಲೆ ಸಂಪೂರ್ಣ ಬೆಡ್ ರೆಸ್ಟ್ ಎಂದು ಬರೆದರು. ಮೊದಲ ಹತ್ತು ದಿನ ಅದು ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಪೆನಿಸಿಲಿನ್ ಹಿಡಿಯಿತು, ಎರಡನೆಯ ವಾರದ ಕೊನೆಗೆ ಜ್ವರ ಇಳಿಯಿತು, ಕೆಮ್ಮು ತಗ್ಗಿತು, ಅಜ್ಜಿ ಗಂಜಿಯ ಉಪ್ಪಿನ ವಿಚಾರ ತೆಗೆದರು. ಆದರೆ ಚಾರ್ಟಿನ ಮೇಲಿನ ಅಕ್ಷರ ಹಾಗೇ ಉಳಿಯಿತು. ರೌಂಡಿಗೆ ಬರುವ ಡಾಕ್ಟರು ಮುದುಕರ ಮಂಚಕ್ಕೆ ತಲುಪುವಾಗ ಊಟದ ಹೊತ್ತಾಗಿರುತ್ತಿತ್ತು. ಹೇಗಿದ್ದಾರೆ ಎಂದು ಕೇಳಿ, ಚೆನ್ನಾಗಿದ್ದಾರೆ ಎಂಬ ಉತ್ತರವನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತಿದ್ದರು. ನಮ್ಮಂಥ ವಿದ್ಯಾರ್ಥಿನಿಯರು ಡಾಕ್ಟರರಲ್ಲಿ ನೇರ ಮಾತಾಡುವ ಹಾಗಿರಲಿಲ್ಲ. ವಾರ್ಡ್ ಸಿಸ್ಟರಿಗೆ ಹೇಳಬೇಕು, ಅವರು ರೌಂಡಿನಲ್ಲಿ ಕೇಳಬೇಕು. ಕಷ್ಟದ ಕೆಲಸವೇನಲ್ಲ, ಒಂದು ಮಾತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಅವರು ಆಡುತ್ತಿದ್ದದ್ದು ತುಳು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಗಾ, ಒಂದು ಸಲ ಕಾಲು ನೆಲಕ್ಕೆ ಇಡ್ತೇನೆ. ನಡೀಲಿಕ್ಕಿಲ್ಲ. ಇಡುದು ಮಾತ್ರ. ಕಾಲು ನನ್ನದು ಅಂತ ಗೊತ್ತಾಗ್ತಾ ಇಲ್ಲ.”

ನಾನು ಗದರಿಸಿದೆ. ಡಾಕ್ಟರರ ಆರ್ಡರು ಉಂಟು, ನೀವು ಬಿದ್ದರೆ ನನ್ನ ತಲೆ ಹೋಗುತ್ತದೆ ಎಂದೆ. ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ಇಷ್ಟು ವರ್ಷದ ಮೇಲೆ ಇಲ್ಲಿ ಹೇಳಿಬಿಡುತ್ತೇನೆ. ನನಗೆ ಇನ್ನೆಂಟು ದಿನ ಬೇಕಿತ್ತು. ವಾರ್ಡ್ ಸಿಸ್ಟರಿಗೆ ಆ ಒಂದು ಮಾತು ಹೇಳಿದರೆ ಅವತ್ತೇ ಡಾಕ್ಟರು ಏಳಲು ಅನುಮತಿ ಕೊಡುತ್ತಿದ್ದರೋ ಏನೋ. ಆಗ ನನ್ನ ಕೇಸು ಇಪ್ಪತ್ತೆರಡಕ್ಕೇ ನಿಂತು ಹೋಗುತ್ತಿತ್ತು. ಮುದುಕರನ್ನು ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದವಳು ನಾನು. ಅಜ್ಜಿಯ ಎರಡೂ ಕಾಲನ್ನು ಎತ್ತಿ ಹಾಸಿಗೆಯ ಮೇಲಿಟ್ಟು, ಹೊದಿಕೆಯನ್ನು ಮಡಚಿ ಬಿಗಿಯಾಗಿ ಸಿಕ್ಕಿಸಿದೆ.

ಪಕ್ಕದ ಮಂಚದಲ್ಲೂ ಒಬ್ಬ ಮುದುಕಿ ಇದ್ದಳು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವಳು, ಅವಳಿಗೂ ಅದೇ ಕಾಯಿಲೆ, ಚಾರ್ಟಿನಲ್ಲಿ ಅದೇ ಆರ್ಡರು. ಅವಳನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಬ್ಯಾಚಿನ ಮಹಾ ಸೋಮಾರಿ. ಬೆಳಿಗ್ಗೆ ಒಂದು ಹೂಜಿ ನೀರು ಇಟ್ಟು ಮಾಯವಾದರೆ ಮತ್ತೆ ಊಟದ ಹೊತ್ತಿಗೇ ದರ್ಶನ. ಆ ಮುದುಕಿ ಕರೆದು ಕರೆದು ಸಾಕಾಗಿ, ತಾನೇ ಎದ್ದು, ಗೋಡೆ ಹಿಡಿದು ಬಾತ್‌ರೂಮಿಗೆ ಹೋಗುತ್ತಿದ್ದಳು. ಬರುವಾಗ ಕಿಟಕಿಯಲ್ಲಿ ಸ್ವಲ್ಪ ನಿಂತು ರಸ್ತೆ ನೋಡುತ್ತಿದ್ದಳು. ಒಮ್ಮೆ ಇದು ವಾರ್ಡ್ ಸಿಸ್ಟರ ಕಣ್ಣಿಗೆ ಬಿದ್ದು ನನ್ನ ಗೆಳತಿಗೆ ಚೆನ್ನಾಗಿ ಮಂಗಳಾರತಿಯಾಯಿತು. ಇವಳನ್ನು ನೋಡಿ ಕಲಿ ಎಂದು ನನ್ನ ಕಡೆ ಬೆರಳು ಮಾಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಅಜ್ಜಿಯ ಬೆನ್ನಿನಲ್ಲಿ, ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು ಬಿಡಿ, ಒಂದು ಕೆಂಪು ಕಲೆ ಕೂಡ ಇರಲಿಲ್ಲ. ಮೇಟ್ರನ್ ಬಂದು ಹಿಮ್ಮಡಿ ಮುಟ್ಟಿ ನೋಡಿ, ಹೂವಿನ ಹಾಗೆ ಇಟ್ಟಿದ್ದೀ ಎಂದರು.

ಮನೆಯವರಿಗೆ ಕಲಿಸುವುದೂ ಕೇಸಿನ ಒಂದು ಭಾಗ. ಅಜ್ಜಿಯ ಸೊಸೆ ದಿನಾ ಸಂಜೆ ನಾಲ್ಕಕ್ಕೆ ಬರುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಅಚ್ಚುಕಟ್ಟು, ಮಾತು ಕಡಿಮೆ. ರೋಗಿಯನ್ನು ಎಬ್ಬಿಸದೆಯೇ ಚಾದರ ಬದಲಿಸುವುದು, ಮಲಗಿದಲ್ಲೇ ಮೈ ಒರೆಸುವುದು, ಕತ್ತಿಗೆ ಟವೆಲು ಸುತ್ತಿ ಚಮಚದಲ್ಲಿ ಉಣಿಸುವುದು, ಎಲ್ಲವನ್ನೂ ಕಲಿಸಿದೆ. ಅವಳು ಒಂದು ಸಲ ನೋಡಿದರೆ ಸಾಕು, ಎರಡನೆಯ ಸಲಕ್ಕೆ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಇಷ್ಟು ಒಳ್ಳೆಯ ಶಿಷ್ಯೆ ನನಗೆ ಆಮೇಲೆ ಮೂವತ್ತು ವರ್ಷ ಕಲಿಸಿದರೂ ಸಿಗಲಿಲ್ಲ.

ಮೂವತ್ತೊಂದನೆಯ ದಿನ ನಾನೇ ವಾರ್ಡ್ ಸಿಸ್ಟರ ಹತ್ತಿರ ಹೋಗಿ ಆ ಮಾತು ಹೇಳಿದೆ. ಡಾಕ್ಟರು ಚಾರ್ಟು ನೋಡಿ, ಇವರು ಇನ್ನೂ ಇಲ್ಲಿದ್ದಾರಾ ಎಂದು ಕೇಳಿ, ಅಲ್ಲೇ ಡಿಸ್ಚಾರ್ಜ್ ಬರೆದರು. ಮಧ್ಯಾಹ್ನ ಮಗ ಟ್ಯಾಕ್ಸಿ ತಂದ. ಸೊಸೆ ಹೊಸ ಸೀರೆ ತಂದಿದ್ದಳು, ಉಡಿಸಿದೆವು. ಅಜ್ಜಿ ಮಂಚದ ಅಂಚಿಗೆ ಬಂದು ಕಾಲು ಕೆಳಗೆ ಬಿಟ್ಟರು, ಮುಖ ಅರಳಿತು. ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದರು. ಎದ್ದದ್ದು ಅಷ್ಟೇ, ಮೊಣಕಾಲು ಎರಡೂ ಮಡಚಿಕೊಂಡವು. ನಾನು ಮತ್ತು ಸೊಸೆ ಸೇರಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದರು. ಇನ್ನೊಮ್ಮೆ ನೋಡುವ ಎಂದರು ಅಜ್ಜಿ. ಇನ್ನೊಮ್ಮೆಯೂ ಅಷ್ಟೇ. ಆಗ ಅವರು ತಮ್ಮ ಕಾಲನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

ವಯಸ್ಸಾಯಿತಲ್ಲ ಎಂದ ಮಗ. ವಯಸ್ಸಾಯಿತಲ್ಲ ಎಂದರು ಡಾಕ್ಟರು. ವಯಸ್ಸಾಯಿತಲ್ಲ ಎಂದರು ವಾರ್ಡ್ ಸಿಸ್ಟರು. ಮೂವತ್ತು ದಿನದ ಹಿಂದೆ ಗೇಟಿನಿಂದ ನಡೆದು ಬಂದಾಗ ಇವರಿಗೆ ಏನು ಇಪ್ಪತ್ತು ವಯಸ್ಸಾಗಿತ್ತೇ? ನಾನು ಬಗ್ಗಿ ಅಜ್ಜಿಯ ಹೊಸ ಸೀರೆಯ ನೆರಿಗೆ ಸರಿ ಮಾಡಿದೆ. ಇಬ್ಬರು ಅಟೆಂಡರುಗಳು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಅದೇ ವಾರ ಹೆಂಚಿನ ಕಾರ್ಖಾನೆಯ ಮುದುಕಿ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೂ ಕಾಯದೆ ಮೆಟ್ಟಿಲು ಇಳಿದು ಮನೆಗೆ ಹೋದಳು.

ಕೇಸು ಬರೆಯಲು ಕೂತೆ. ಮೂವತ್ತು ದಿನದ ವಿವರ ನೀಟಾಗಿ ಬರೆದೆ. ಕೊನೆಯ ಪುಟದಲ್ಲಿ ‘ಫಲಿತಾಂಶ’ ಎಂಬ ಒಂದು ಸಾಲು ಇರುತ್ತದೆ. ಅಲ್ಲಿ ಹೀಗೆ ಬರೆದೆ: ನ್ಯುಮೋನಿಯಾ ವಾಸಿಯಾಗಿದೆ, ರೋಗಿ ನಡೆದು ಬಂದಿದ್ದರು, ಈಗ ನಿಲ್ಲಲಾರರು, ಜ್ವರ ಬಿಟ್ಟ ಮೇಲೂ ಎರಡು ವಾರ ಮಲಗಿಸಿಯೇ ಇಟ್ಟದ್ದು ಕಾರಣ. ಬರೆದು ಟ್ಯೂಟರಿಗೆ ಒಪ್ಪಿಸಿದೆ. ಒಳಗೊಳಗೆ, ಇದನ್ನು ಓದಿ ಅವರು ಬೆಚ್ಚಿಬೀಳುತ್ತಾರೆ, ಎಲ್ಲರನ್ನೂ ಕರೆದು ಇನ್ನು ಮುಂದೆ ಹೀಗೆ ಮಾಡಬೇಡಿ ಎನ್ನುತ್ತಾರೆ ಎಂದು ಆಸೆಯಿತ್ತು. ಆ ಒಂದೂವರೆ ಪುಟಕ್ಕೆ ನನ್ನ ಕಡೆಯಿಂದ ಇನ್ನೊಂದು ಪ್ಯಾರಾ ಸೇರಿತೆಂದು ಲೆಕ್ಕ ಹಾಕಿದ್ದೆ.

ಟ್ಯೂಟರ್ ಕರೆಸಿದರು. ಕೆಟ್ಟ ಹೆಂಗಸಲ್ಲ ಅವರು, ನಮ್ಮಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ಹಾಸ್ಟೆಲಿಗೆ ಬಂದು ಕಾಫಿ ಕೊಟ್ಟು ಹೋಗುತ್ತಿದ್ದರು. ಕೇಸ್ ಬುಕ್ಕಿನ ಕೊನೆಯ ಪುಟ ತೆರೆದು ಮೇಜಿನ ಮೇಲಿಟ್ಟರು.

“ಎರಡು ವಾರ ಮಲಗಿಸಿ ಇಟ್ಟದ್ದು ಯಾರು?”

ಆರ್ಡರು ಹಾಗೆ ಇತ್ತು ಎಂದೆ.

“ಆರ್ಡರು ಬದಲಾಯಿಸ್ಬೇಕು ಅಂತ ಕೇಳುವ ಕೆಲಸ ಯಾರದ್ದು?”

ನನ್ನದು ಎಂದೆ.

“ಹಾಗಾದ್ರೆ ಇದನ್ನು ಓದಿದ ಎಗ್ಸಾಮಿನರು ನಿನ್ನನ್ನು ಫೇಲ್ ಮಾಡ್ತಾರೆ. ಡಾಕ್ಟರನ್ನು ಅಲ್ಲ, ನನ್ನನ್ನೂ ಅಲ್ಲ. ಗುಣಮುಖ ಅಂತ ಬರಿ. ನ್ಯುಮೋನಿಯಾ ಗುಣ ಆಗಿದೆ, ಅದು ಸುಳ್ಳಲ್ಲ.”

ಕಾಲು ಎಂದೆ. ಕಾಲು ಈ ಕೇಸಿನ ಕಾಯಿಲೆ ಅಲ್ಲ ಎಂದರು. ಅದು ಕಾಯಿಲೆಯೇ ಅಲ್ಲದಿದ್ದರೆ ಮತ್ತೇನು ಎಂದು ಕೇಳಿದೆ. ವಯಸ್ಸು ಎಂದರು. ನಾನು ಮೂರು ದಿನ ಆ ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಮುಖ ಊದಿಸಿಕೊಂಡು ತಿರುಗಿದೆ. ನಾಲ್ಕನೆಯ ದಿನ ಹಾಳೆ ಹರಿದು, ಹೊಸ ಹಾಳೆ ಅಂಟಿಸಿ, ‘ಗುಣಮುಖರಾಗಿ ಮನೆಗೆ ಹೋದರು’ ಎಂದು ಬರೆದೆ. ಮನೆಯಲ್ಲಿ ಅಪ್ಪ ಎಲ್ಲರ ಹತ್ತಿರ ಮಗಳು ಬರುವ ವರ್ಷ ನರ್ಸಾಗಿ ಹೊರಗೆ ಬರುತ್ತಾಳೆ ಎಂದು ಹೇಳಿಕೊಂಡು ಬಂದಿದ್ದರು. ಇದು ನೆಪವಲ್ಲ, ಆಗಿದ್ದ ಸ್ಥಿತಿ. ಟ್ಯೂಟರ್ ಸಹಿ ಹಾಕಿ, ತುಂಬ ಚೆನ್ನಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು.

ಪುಸ್ತಕದಲ್ಲಿ ಬರೆಯಲಾಗದ್ದನ್ನು ಮಾಡಿಯಾದರೂ ತೋರಿಸುವ ಎಂಬ ಹಠ ಹಿಡಿಯಿತು. ವಾರಕ್ಕೊಮ್ಮೆ ನಮಗೆ ಅರ್ಧ ದಿನ ರಜೆ. ಆ ರಜೆಯಲ್ಲಿ ಮನೆಗೆ ಹೋಗಿ ಮುಖ ತೋರಿಸಿ, ಅಲ್ಲಿಂದ ಸೀದಾ ಅಜ್ಜಿಯ ಮನೆಗೆ ಹೋಗತೊಡಗಿದೆ. ಅಮ್ಮನಿಗೆ ಸಿಟ್ಟು. ನಾಲ್ಕು ಮಾತಾಡಲಿಕ್ಕೆ ಪುರುಸೊತ್ತಿಲ್ಲ, ಕಂಡವರ ಅಜ್ಜಿಗೆ ಪುರುಸೊತ್ತು ಉಂಟಾ ಎಂದು ಕೇಳುತ್ತಿದ್ದಳು. ನಾನೇ ಕೆಡಿಸಿದ ಕೆಲಸವನ್ನು ಸರಿ ಮಾಡಲು ಹೋಗುತ್ತಿದ್ದೇನೆ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಮೊದಲ ಸಲ ಆ ಕೋಣೆಗೆ ಕಾಲಿಟ್ಟಾಗ ನನಗೆ ಆಸ್ಪತ್ರೆಗೇ ವಾಪಸು ಬಂದ ಹಾಗಾಯಿತು. ಬಿಳಿ ಚಾದರ, ನಾಲ್ಕೂ ಮೂಲೆ ಮಡಚಿ ಸಿಕ್ಕಿಸಿದ್ದು. ತಲೆಯ ಹತ್ತಿರ ಮುಚ್ಚಳ ಹಾಕಿದ ನೀರು, ಚಮಚ, ಟವೆಲು. ಮಂಚದಡಿಯಲ್ಲಿ ಹೊಸ ಬೆಡ್ ಪ್ಯಾನು. ಅಜ್ಜಿಯ ಬೆನ್ನು ತಿರುಗಿಸಿ ನೋಡಿದೆ, ಒಂದು ಕಲೆ ಇಲ್ಲ. ಸೊಸೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಗಳಿಕೆ ಬರುತ್ತದೆ ಎಂದು ಕಾಯುತ್ತಿದ್ದಳು ಪಾಪ. ನಾನು ಹೊಗಳಲಿಲ್ಲ.

ಅಜ್ಜಿಯನ್ನು ಮಂಚದ ಅಂಚಿಗೆ ತಂದು ಕಾಲು ಇಳಿಬಿಟ್ಟು ಕೂರಿಸುವುದು, ಮೊಣಕಾಲು ನೀವಿ ಮಡಚಿ ಬಿಡಿಸುವುದು, ಕಿಟಕಿಯ ಸರಳು ಹಿಡಿಸಿ ನಿಲ್ಲಿಸುವುದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ತೋಚಿದ ಹಾಗೆ ಮಾಡುತ್ತಿದ್ದೆ. ಮೂರನೆಯ ವಾರ ಅಜ್ಜಿ ಸರಳು ಹಿಡಿದು ನಿಂತರು. ತಾವೇ ಗಟ್ಟಿಯಾಗಿ ಎಣಿಸಿದರು, ಒಂಜಿ, ರಡ್ಡ್, ಮೂಜಿ. ನಾಲ್ಕಕ್ಕೆ ಕಾಲು ನಡುಗಿ ಕೂತರು. ಇಬ್ಬರೂ ನಕ್ಕೆವು. ಮುಂದಿನ ವಾರ ಹತ್ತಕ್ಕೆ ತಲುಪಬೇಕು, ದಿನಕ್ಕೆ ನಾಲ್ಕು ಸಲ ನಿಲ್ಲಬೇಕು ಎಂದು ಹೇಳಿ ಬಂದೆ. ಮುಂದಿನ ವಾರ ಹೋದರೆ ಮೂರಕ್ಕೂ ಇಲ್ಲ. ಮಧ್ಯದ ಆರು ದಿನ ಅಜ್ಜಿಯನ್ನು ಯಾರೂ ಕಾಲು ಇಳಿಸಲು ಬಿಟ್ಟಿರಲಿಲ್ಲ. ನೀರಲ್ಲಿ ಹೋಮ ಮಾಡಿದ ಹಾಗೆ ನನ್ನ ಕೆಲಸ.

ಸೊಸೆಯನ್ನು ಹಿತ್ತಲಿಗೆ ಕರೆದು ಹೇಳಿದೆ. ನೀರಿನ ಲೋಟ ಕೈಗೆ ಸಿಗದ ಹಾಗೆ ಇಡಿ. ಬೆಡ್ ಪ್ಯಾನ್ ತೆಗೆದುಬಿಡಿ. ಊಟ ಮಂಚಕ್ಕೆ ತರಬೇಡಿ, ಹಿಡಿದುಕೊಂಡಾದರೂ ಅಡುಗೆಮನೆಗೆ ಬರಲಿ. ಮಸಾಲೆ ಹುರಿಯುವಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕಲ್ಲಿನ ಮೇಲಿಟ್ಟಳು.

“ಸಿಸ್ಟರ್, ನೀವೇ ಅಲ್ವಾ ಹೇಳಿಕೊಟ್ಟದ್ದು? ಮಾಮಿ ಸ್ವಂತ ಕೈಯಿಂದ ಲೋಟ ಎತ್ತಿದ್ರೆ ನೋಡಿಕೊಳ್ಳುವವಳಿಗೆ ನಾಚಿಕೆ ಅಂತ ಹೇಳಿದ್ದು ಯಾರು? ಈಗ ನೀರು ದೂರ ಇಡು ಅಂತೀರಿ. ನೋಡಿದವರು ನನ್ನನ್ನು ಎಂತ ಹೇಳ್ಲಿಕ್ಕಿಲ್ಲ?”

ನನಗೆ ತಪ್ಪಾಗಿತ್ತು ಎಂದೆ. ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಬಿಳಿ ಯೂನಿಫಾರ್ಮಿನಲ್ಲಿ, ವಾರ್ಡಿನಲ್ಲಿ, ಮೇಟ್ರನ್ ಹೊಗಳುತ್ತಿರುವಾಗ ಕಲಿಸಿದ ಪಾಠ ಅದು. ಈಗ ಮಾಸಿದ ಸೀರೆಯುಟ್ಟು ಹಿತ್ತಲಲ್ಲಿ ನಿಂತು ಅದಕ್ಕೆ ತದ್ವಿರುದ್ಧ ಹೇಳುತ್ತಿದ್ದೇನೆ. ಅಲ್ಲದೆ ಅವಳಿಗೆ ನೆಂಟರ ಭಯ. ಅತ್ತೆಯನ್ನು ನೋಡಲು ಬಂದವರೆಲ್ಲ ಚಾದರ ನೋಡಿ, ಸೊಸೆಯೆಂದರೆ ಹೀಗಿರಬೇಕು ಎಂದು ಹೋಗುತ್ತಿದ್ದರು. ಕಾಯಿಲೆ ಬಿದ್ದ ಅತ್ತೆಯನ್ನು ಒಲೆಯ ಮುಂದೆ ಕೂರಿಸಿದರೆ ಅದೇ ಬಾಯಿಗಳು ಏನು ಹೇಳುತ್ತವೆ ಎಂದು ನನಗೂ ಗೊತ್ತಿತ್ತು. ಮಗನಿಗೆ ಹೇಳಿದೆ. ಅಮ್ಮ ಜೀವಮಾನವಿಡೀ ದುಡಿದಿದ್ದಾಳೆ, ಇನ್ನು ಆರಾಮ ಇರಲಿ ಎಂದ. ಆರಾಮ ಎಂಬ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಒಳಗೆ ಬಂದಾಗ ಅಜ್ಜಿಗೆ ಎಲ್ಲ ಕೇಳಿಸಿತ್ತು.

“ಅವಳಿಗೆ ಬೈಬೇಡ ಮಗಾ. ಅವಳು ಒಳ್ಳೆಯವಳು, ನೀನೂ ಒಳ್ಳೆಯವಳು. ಆಚೆ ಮಂಚದವಳಿಗೆ ಸೋಮಾರಿ ಸಿಕ್ಕಿದಳು, ಅವಳು ನಡೆದು ಹೋದಳು.”

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ನಾನು ಅವರ ಮೊಣಕಾಲು ನೀವುತ್ತ ಕೂತೆ. ಮತ್ತೂ ನಾಲ್ಕೈದು ವಾರ ಹೋದೆ. ಒಮ್ಮೆ ಆರರವರೆಗೆ ನಿಂತರು, ಒಮ್ಮೆ ಐದಕ್ಕೆ, ಒಮ್ಮೆ ಬೇಡ ಇವತ್ತು ಎಂದರು. ಆಮೇಲೆ ಪರೀಕ್ಷೆ ಹತ್ತಿರ ಬಂತು, ರಜೆ ರದ್ದಾಯಿತು.

ಮೌಖಿಕ ಪರೀಕ್ಷೆಗೆ ಮದರಾಸಿನ ಕಡೆಯಿಂದ ಒಬ್ಬ ಎಗ್ಸಾಮಿನರು ಬಂದಿದ್ದರು, ಕನ್ನಡಕದ ಗಂಭೀರ ಹೆಂಗಸು. ನನ್ನ ಹತ್ತನೆಯ ಕೇಸನ್ನು ಪುಟ ಪುಟವಾಗಿ ಓದಿದರು. ಮೂವತ್ತು ದಿನದಲ್ಲಿ ಒಂದು ಹುಣ್ಣೂ ಆಗಲಿಲ್ಲವೇ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಬಹಳ ಒಳ್ಳೆಯ ಶುಶ್ರೂಷೆ ಎಂದರು. ಆಮೇಲೆ ತಲೆ ಎತ್ತಿ, ಇದೇ ರೋಗಿ ಮತ್ತೆ ಸಿಕ್ಕಿದರೆ ನೀನು ಬೇರೆ ರೀತಿ ಮಾಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರು. ಪಕ್ಕದ ಕುರ್ಚಿಯಲ್ಲಿ ಟ್ಯೂಟರ್ ಕೂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು ಎಂದು ಈಗ ಅನಿಸುತ್ತದೆ. ಅವತ್ತು ಅನಿಸಲಿಲ್ಲ. ಏನೂ ಇಲ್ಲ ಮೇಡಂ ಎಂದೆ.

ಶುಶ್ರೂಷೆಯ ವಿಷಯದಲ್ಲಿ ಬ್ಯಾಚಿಗೇ ನಾನು ಮೊದಲಿಗಳಾದೆ. ಫಲಿತಾಂಶ ಬಂದ ವಾರ ಒಂದು ಪೊಟ್ಟಣ ಸಿಹಿ ಹಿಡಿದುಕೊಂಡು ಬಿಜೈಗೆ ಹೋದೆ. ಸುಮಾರು ಮೂರು ತಿಂಗಳಾಗಿತ್ತು ಅಜ್ಜಿಯನ್ನು ನೋಡದೆ. ಹೋಟೆಲಿನಲ್ಲಿ ಯಾರೋ ಮಸಾಲೆ ಹುರಿಯುತ್ತಿದ್ದರು, ಸೀದು ಹೋದ ವಾಸನೆ ರಸ್ತೆಗೇ ಬರುತ್ತಿತ್ತು. ಅಜ್ಜಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ದಿಂಬಿಗೆ ಒರಗಿ ಕೂತಿದ್ದರು. ಬಿಳಿಚಿಕೊಂಡಿದ್ದರು, ಆದರೆ ಕಣ್ಣು ಚುರುಕಾಗಿಯೇ ಇತ್ತು. ಮೊದಲ ಮಾತೇ ವಾಸನೆಯ ಬಗ್ಗೆ, ಮೆಂತೆಯನ್ನು ಮೊದಲು ಹಾಕಿ ಸುಡುತ್ತಾರೆ ಅಯೋಗ್ಯರು ಎಂದರು. ನಾನು ಪಾಸಾದದ್ದು ಕೇಳಿ ಸಂತೋಷಪಟ್ಟು ನನ್ನ ತಲೆ ಸವರಿದರು. ಸಿಹಿಯನ್ನು ಅವರ ಕೈಯಲ್ಲಿಟ್ಟೆ, ತಾವೇ ಮುರಿದು ತಿಂದರು.

“ಪರೀಕ್ಷೆಯಲ್ಲಿ ನನ್ನ ವಿಷಯ ಬಂತಾ?” ಎಂದು ಕೇಳಿದರು.

ಬಂತು ಎಂದೆ. ನನ್ನ ವಿಷಯ ಎಂತ ಬರೆದಿದ್ದಿ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಹೇಳಲಾಗಲಿಲ್ಲ. ಗುಣ ಆಗಿ ಮನೆಗೆ ಹೋದರು ಅಂತ ಬರೆದೆ ಅಜ್ಜಿ ಎಂದೆ. ಅವರು ಸಿಹಿಯ ಪುಡಿಯನ್ನು ಸೆರಗಿನಿಂದ ಕೊಡವಿಕೊಂಡರು.

“ಹಾಗಾದ್ರೆ ಇನ್ನು ಅಲ್ಲಿಂದ ಯಾರೂ ನನ್ನ ಕಾಲು ನೋಡ್ಲಿಕ್ಕೆ ಬರುದಿಲ್ಲ.”

ನಾನು ಬರ್ತೇನೆ ಎಂದೆ. ನಾನು ಪ್ರತಿ ವಾರ ಬರ್ತೇನೆ ಅಜ್ಜಿ, ಇವತ್ತಿಂದಲೇ ಶುರು ಮಾಡುವ ಎಂದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಸೊಸೆ ಬಿಸಿನೀರಿನ ಬೋಗುಣಿ, ಟವೆಲು ತಂದಳು. ಮೈ ಒರೆಸುವ ಹೊತ್ತು, ನಾನು ಕಲಿಸಿದ ಅದೇ ನಾಲ್ಕು ಗಂಟೆ. ಮಾಮಿ, ಕಾಲು ಮೇಲೆ ಎಂದಳು. ಅಜ್ಜಿ ಎರಡೂ ಕೈಯಿಂದ ಹಾಸಿಗೆಯನ್ನು ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿ, ಬಲಗಾಲು ತಾವೇ ಎತ್ತಲು ಹೊರಟರು. ಕಾಲು ನೆಲದಿಂದ ಬೆರಳಿನಷ್ಟು ಮೇಲೆ ಬಂದಿತ್ತು. ಅದು ನನಗೆ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ನಾನು ಬಗ್ಗಿ, ಎರಡೂ ಕಾಲನ್ನು ಎತ್ತಿ ಹಾಸಿಗೆಯ ಮೇಲೆ ಇಟ್ಟಾಗಿತ್ತು.